ತಪ್ಪಿನ ಬೆನ್ನು ಹತ್ತಿದ ಗ್ರೇಸ್ ಹಾಪರ್

ಮಕ್ಕಳೇ, ನೀವು ಹತ್ತು ಸಾಲಿನ ಒಂದು ಲೆಕ್ಕ ಮಾಡುತ್ತೀರಿ. ಕೊನೆಗೆ ನೋಡಿದರೆ ಉತ್ತರ ತಪ್ಪು! ಆಗ ಏನು ಮಾಡುತ್ತೀರಿ? ಕೆಲವರು ಇಡೀ ಲೆಕ್ಕವನ್ನೇ ಅಳಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಇನ್ನು ಕೆಲವರು ಯಾವ ಸಾಲಿನಲ್ಲಿ ತಪ್ಪಾಯಿತು ಎಂದು ಹುಡುಕುತ್ತಾರೆ. ಲೆಕ್ಕ ಹತ್ತು ಸಾಲಿನದಾದರೆ ಹುಡುಕುವುದು ಸುಲಭ. ಅದು ಹತ್ತು ಲಕ್ಷ ಸಾಲಿನದಾದರೆ?

ಇಂದು ರೈಲಿನ ಟಿಕೆಟ್, ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಯಂತ್ರ, ವಿಮಾನದ ಹಾರಾಟ ಎಲ್ಲದರ ಹಿಂದೆಯೂ ಕಂಪ್ಯೂಟರ್ ಇದೆ. ಕಂಪ್ಯೂಟರಿಗೆ ನಾವು ಒಂದಾದ ಮೇಲೊಂದರಂತೆ ಕೊಡುವ ಆದೇಶಗಳಿಗೆ ಪ್ರೋಗ್ರಾಂ ಎಂದು ಹೆಸರು. ದೊಡ್ಡ ಪ್ರೋಗ್ರಾಂಗಳಲ್ಲಿ ಲಕ್ಷಾಂತರ ಸಾಲುಗಳಿರುತ್ತವೆ. ಅವುಗಳಲ್ಲಿ ಒಂದೇ ಒಂದು ಸಾಲು ತಪ್ಪಿದರೂ ಯಾರದೋ ಹಣ ಹೋಗಬಹುದು, ಯಾರದೋ ಪ್ರಾಣವೂ ಹೋಗಬಹುದು. ಆದ್ದರಿಂದ ತಪ್ಪನ್ನು ಹುಡುಕಿ ತೆಗೆಯುವುದು ಕಂಪ್ಯೂಟರ್ ವಿಜ್ಞಾನದಲ್ಲಿ ಬಹು ಮುಖ್ಯವಾದ ಕೆಲಸ. ಈ ಕೆಲಸದಲ್ಲಿ ನಾಲ್ಕು ದಶಕ ತೊಡಗಿಕೊಂಡಿದ್ದ ಒಬ್ಬ ಗಣಿತಜ್ಞೆಯ ಕಥೆಯನ್ನು ಈಗ ತಿಳಿಯೋಣ. ಅವರ ಹೆಸರು ಗ್ರೇಸ್ ಹಾಪರ್.

ಏಳು ಗಡಿಯಾರಗಳು

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಮೂವರು ಮಕ್ಕಳಲ್ಲಿ ಅವಳೇ ಹಿರಿಯಳು. ತಂದೆ ವಿಮಾ ವ್ಯವಹಾರದಲ್ಲಿದ್ದರು. ತಾಯಿಗೆ ಗಣಿತವೆಂದರೆ ಪ್ರೀತಿ.

ಏಳು ವರ್ಷದ ಗ್ರೇಸ್‌ಗೆ ಅಲಾರಾಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲ ಹುಟ್ಟಿತು. ಒಂದು ಗಡಿಯಾರವನ್ನು ಬಿಚ್ಚಿದಳು. ಚಕ್ರ, ಸ್ಪ್ರಿಂಗ್ ಎಲ್ಲ ಹೊರಬಂದವು. ಮತ್ತೆ ಜೋಡಿಸಲು ಆಗಲಿಲ್ಲ. ಅದು ಹೇಗಿತ್ತೆಂದು ನೋಡಲು ಇನ್ನೊಂದನ್ನು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಚ್ಚಿಹೋದವು! ತಾಯಿ ಗಡಿಯಾರ ಬಿಚ್ಚುವುದನ್ನು ಪೂರ್ತಿ ನಿಲ್ಲಿಸಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರವನ್ನು ಬಿಚ್ಚಬಹುದು ಎಂದು ನಿಯಮ ಮಾಡಿದರು.

ಗ್ರೇಸ್ ಎಲ್ಲ ವಿಷಯದಲ್ಲೂ ಮುಂದಿದ್ದಳು ಎಂದುಕೊಳ್ಳಬೇಡಿ. 16ನೆಯ ವಯಸ್ಸಿನಲ್ಲಿ ವಸ್ಸಾರ್ ಕಾಲೇಜಿಗೆ ಅರ್ಜಿ ಹಾಕಿದಾಗ ಲ್ಯಾಟಿನ್ ಭಾಷೆಯಲ್ಲಿ ಅಂಕ ಕಡಿಮೆ ಬಂದು ಪ್ರವೇಶ ಸಿಗಲಿಲ್ಲ. ಒಂದು ವರ್ಷ ಓದಿ ಮತ್ತೆ ಪ್ರಯತ್ನಿಸಿದಳು, ಸೇರಿಕೊಂಡಳು. 1928ರಲ್ಲಿ ಗಣಿತ ಮತ್ತು ಭೌತವಿಜ್ಞಾನದಲ್ಲಿ ಪದವಿ ಪಡೆದಳು. 1930ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ, 1934ರಲ್ಲಿ ಅಲ್ಲಿಯೇ ಗಣಿತದಲ್ಲಿ ಪಿಎಚ್.ಡಿ. ಪದವಿ ಬಂದವು. 1930ರಲ್ಲಿ ವಿನ್ಸೆಂಟ್ ಹಾಪರ್ ಅವರೊಡನೆ ಮದುವೆಯಾಗಿ ಗ್ರೇಸ್ ಹಾಪರ್ ಆದರು. ತಾವು ಓದಿದ ವಸ್ಸಾರ್ ಕಾಲೇಜಿನಲ್ಲೇ ಗಣಿತ ಕಲಿಸತೊಡಗಿದರು.

ಪಾಠ ಬಿಟ್ಟು ನೌಕಾಪಡೆಗೆ

1941ರ ಡಿಸೆಂಬರ್‌ನಲ್ಲಿ ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ಗ್ರೇಸ್ ನೌಕಾಪಡೆ ಸೇರಲು ಬಯಸಿದರು. ಆದರೆ ಅವರ ವಯಸ್ಸು ಹೆಚ್ಚಾಗಿತ್ತು, ತೂಕ ಕಡಿಮೆಯಿತ್ತು. ಇರಬೇಕಾದುದಕ್ಕಿಂತ ಸುಮಾರು 7 ಕಿಲೋ ಕಡಿಮೆ! ಆದರೂ ಅವರು ಬಿಡಲಿಲ್ಲ. ವಿಶೇಷ ಅನುಮತಿ ಪಡೆದು 1943ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಮಹಿಳಾ ಮೀಸಲು ವಿಭಾಗಕ್ಕೆ ಸೇರಿದರು.

ತರಬೇತಿ ಮುಗಿದ ಮೇಲೆ, 1944ರಲ್ಲಿ, ಅವರನ್ನು ಕಳುಹಿಸಿದ್ದು ಹಡಗಿಗಲ್ಲ, ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕೋಣೆಗೆ. ಅಲ್ಲಿ ಹೊವಾರ್ಡ್ ಐಕೆನ್ ಎಂಬ ವಿಜ್ಞಾನಿಯ ಯೋಜನೆಯಂತೆ ಕಟ್ಟಿದ ಮಾರ್ಕ್-1 ಎಂಬ ಬೃಹತ್ ಗಣಕಯಂತ್ರವಿತ್ತು. ಅದರ ಉದ್ದ 51 ಅಡಿ, ಎತ್ತರ 8 ಅಡಿ. ಒಳಗೆ ಏಳು ಲಕ್ಷಕ್ಕೂ ಹೆಚ್ಚು ಬಿಡಿಭಾಗಗಳು, ಸುಮಾರು 800 ಕಿಲೋಮೀಟರ್ ಉದ್ದದ ತಂತಿ. ಇಷ್ಟಿದ್ದರೂ ಅದು ಒಂದು ಸೆಕೆಂಡಿಗೆ ಮಾಡುತ್ತಿದ್ದುದು ಕೇವಲ ಮೂರು ಕೂಡುವ ಲೆಕ್ಕ. ಒಂದು ಗುಣಾಕಾರಕ್ಕೆ ಸುಮಾರು 6 ಸೆಕೆಂಡು ಬೇಕಾಗುತ್ತಿತ್ತು.

ಈ ಯಂತ್ರಕ್ಕೆ ಆದೇಶ ಕೊಡುವುದು ಹೇಗೆ? ಕಾಗದದ ಉದ್ದನೆಯ ಪಟ್ಟಿಯಲ್ಲಿ ತೂತುಗಳನ್ನು ಕೊರೆದು. ಯಾವ ಜಾಗದಲ್ಲಿ ತೂತಿದೆ ಎಂಬುದನ್ನು ನೋಡಿ ಯಂತ್ರ ಕೆಲಸ ಮಾಡುತ್ತಿತ್ತು. ಒಂದು ತೂತು ತಪ್ಪಿದರೆ ಉತ್ತರವೇ ತಪ್ಪು. ಆ ಉತ್ತರಗಳನ್ನು ನಂಬಿ ಯುದ್ಧದ ಹಡಗುಗಳಲ್ಲಿ ಫಿರಂಗಿಗಳನ್ನು ಗುರಿಯಿಡುತ್ತಿದ್ದರು. ಆದ್ದರಿಂದ ತಪ್ಪನ್ನು ಹುಡುಕದೆ ಬಿಡುವಂತೆಯೇ ಇರಲಿಲ್ಲ. ಈ ಯಂತ್ರವನ್ನು ಬಳಸುವುದು ಹೇಗೆ ಎಂದು ವಿವರಿಸುವ 500ಕ್ಕೂ ಹೆಚ್ಚು ಪುಟಗಳ ಕೈಪಿಡಿಯನ್ನೂ ಗ್ರೇಸ್ ಬರೆದರು. ಅದು 1946ರಲ್ಲಿ ಅಚ್ಚಾಯಿತು.

ಯಂತ್ರದೊಳಗೆ ಪತಂಗ!

1947ರ ಸೆಪ್ಟೆಂಬರ್ 9. ಹಾರ್ವರ್ಡ್‌ನಲ್ಲಿ ಆಗ ಮಾರ್ಕ್-2 ಎಂಬ ಹೊಸ ಯಂತ್ರದ ಪರೀಕ್ಷೆ ನಡೆಯುತ್ತಿತ್ತು. ಅದರಲ್ಲಿ ರಿಲೇ ಎಂಬ ಸಾವಿರಾರು ಸ್ವಿಚ್ಚುಗಳಿದ್ದವು. ವಿದ್ಯುತ್ ಹರಿದಾಗ ರಿಲೇ ತಾನಾಗಿ ಮುಚ್ಚಿಕೊಳ್ಳುತ್ತದೆ, ನಿಂತಾಗ ತೆರೆದುಕೊಳ್ಳುತ್ತದೆ. ಆ ದಿನ ಯಂತ್ರ ಸರಿಯಾಗಿ ಕೆಲಸ ಮಾಡಲಿಲ್ಲ. ಕೆಲಸಗಾರರು ಹುಡುಕುತ್ತಾ ಹೋದರು. 70ನೆಯ ರಿಲೇಯ ನಡುವೆ ಒಂದು ಪತಂಗ ಸಿಕ್ಕಿಕೊಂಡು ಸತ್ತಿತ್ತು! ಅದನ್ನು ತೆಗೆದು ದಿನಚರಿ ಪುಸ್ತಕದಲ್ಲಿ ಅಂಟಿಸಿದರು. ಪಕ್ಕದಲ್ಲಿ ಸಮಯವನ್ನೂ ಜಾಗವನ್ನೂ ಬರೆದರು. ಆ ಪುಟ ಪತಂಗದ ಸಮೇತ ಇಂದಿಗೂ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಕಂಪ್ಯೂಟರಿನ ತಪ್ಪಿಗೆ ಬಗ್, ಅಂದರೆ ಹುಳು, ಎಂದು ಹೆಸರು ಬಂದದ್ದೇ ಈ ಪತಂಗದಿಂದ ಎಂದು ಹಲವರು ಹೇಳುತ್ತಾರೆ. ಆ ಹೆಸರಿಟ್ಟವರು ಗ್ರೇಸ್ ಎಂದೂ ಹೇಳುವುದುಂಟು. ಎರಡೂ ಸರಿಯಲ್ಲ. ಯಂತ್ರದ ದೋಷಕ್ಕೆ ಬಗ್ ಎನ್ನುವ ರೂಢಿ 19ನೆಯ ಶತಮಾನದಲ್ಲೇ, ಥಾಮಸ್ ಎಡಿಸನ್ ಅವರ ಕಾಲದಲ್ಲೇ ಇತ್ತು. ಆ ಮಾತು ಮೊದಲೇ ಇದ್ದುದರಿಂದಲೇ ನಿಜವಾದ ಹುಳು ಸಿಕ್ಕಾಗ ಎಲ್ಲರಿಗೂ ತಮಾಷೆ ಎನಿಸಿತು. ಗ್ರೇಸ್ ಈ ಕಥೆಯನ್ನು ತಮ್ಮ ಭಾಷಣಗಳಲ್ಲಿ ಸ್ವಾರಸ್ಯವಾಗಿ ಹೇಳಿ ಊರೂರಿಗೆ ಹರಡಿದರು.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಅವರು ತಪ್ಪನ್ನು ಮುಚ್ಚಿಡಲಿಲ್ಲ. ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಿಗೆ ಸಿಕ್ಕಿತು ಎಂದು ಬರೆದಿಟ್ಟರು. ವಿಜ್ಞಾನ ಬೆಳೆಯುವುದೇ ಹಾಗೆ.

ಕಂಪ್ಯೂಟರೇ ಬರೆದ ಪ್ರೋಗ್ರಾಂ

1949ರಲ್ಲಿ ಗ್ರೇಸ್ ಫಿಲಡೆಲ್ಫಿಯಾ ನಗರದ ಒಂದು ಕಂಪ್ಯೂಟರ್ ಕಂಪನಿಗೆ ಸೇರಿದರು. ಅದನ್ನು ಕಟ್ಟಿದವರು ಪ್ರೆಸ್ಪರ್ ಎಕರ್ಟ್ ಮತ್ತು ಜಾನ್ ಮಾಕ್ಲಿ. ಮಾಕ್ಲಿ ಅವರ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಆಗ ಪ್ರೋಗ್ರಾಂ ಬರೆಯುವುದು ಬಹಳ ಕಷ್ಟವಾಗಿತ್ತು. ಎಲ್ಲವೂ ಸಂಖ್ಯೆ ಮತ್ತು ಸಂಕೇತಗಳಲ್ಲೇ ಇರಬೇಕು. ಪದೇಪದೇ ಬೇಕಾಗುವ ಸಣ್ಣ ಸಣ್ಣ ಭಾಗಗಳನ್ನು ಒಬ್ಬರ ನೋಟುಪುಸ್ತಕದಿಂದ ಇನ್ನೊಬ್ಬರು ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದರು. ನಕಲು ಮಾಡುವಾಗ ಇಂಗ್ಲಿಷಿನ ಬಿ ಅಕ್ಷರ 13 ಆಗಿಬಿಡುತ್ತಿತ್ತು! ಬರೆದು ನೋಡಿ, ಹೇಗೆಂದು ನಿಮಗೇ ತಿಳಿಯುತ್ತದೆ.

ನಕಲು ಮಾಡುವುದು ಬೇಸರದ ಕೆಲಸ, ಬೇಸರದ ಕೆಲಸದಲ್ಲಿ ಮನುಷ್ಯ ತಪ್ಪುತ್ತಾನೆ. ಯಂತ್ರಕ್ಕೆ ಬೇಸರವಿಲ್ಲ. ಹಾಗಾದರೆ ಈ ಕೆಲಸವನ್ನು ಯಂತ್ರಕ್ಕೇ ಏಕೆ ಕೊಡಬಾರದು? ಗ್ರೇಸ್ ಹೀಗೆ ಯೋಚಿಸಿದರು. ಸಣ್ಣ ಭಾಗಗಳನ್ನೆಲ್ಲ ಟೇಪಿನಲ್ಲಿ ತುಂಬಿ ಪ್ರತಿಯೊಂದಕ್ಕೂ ಒಂದು ಗುರುತು ಕೊಟ್ಟರು. ಗುರುತನ್ನು ಹೇಳಿದರೆ ಸಾಕು, ಕಂಪ್ಯೂಟರೇ ಆ ಭಾಗವನ್ನು ಹುಡುಕಿ ತಂದು ಬೇಕಾದ ಕಡೆ ಜೋಡಿಸುತ್ತಿತ್ತು. 1952ರ ಹೊತ್ತಿಗೆ ಸಿದ್ಧವಾದ ಇದಕ್ಕೆ ಎ-0 ಎಂದು ಹೆಸರಿಟ್ಟರು. ಹೀಗೆ ಜೋಡಿಸಿಕೊಡುವ ಪ್ರೋಗ್ರಾಂಗೆ ಕಂಪೈಲರ್ ಎಂದರು. ಇಂದು ಕಂಪೈಲರ್ ಎಂದರೆ ಮನುಷ್ಯರು ಓದಬಲ್ಲ ರೀತಿಯಲ್ಲಿ ಬರೆದ ಪ್ರೋಗ್ರಾಂ ಅನ್ನು ಯಂತ್ರಕ್ಕೆ ತಿಳಿಯುವ ಸಂಕೇತಗಳಿಗೆ ಬದಲಾಯಿಸುವ ಪ್ರೋಗ್ರಾಂ. ಒಂದು ರೀತಿಯಲ್ಲಿ ಅದು ಅನುವಾದಕ.

ಕಂಪ್ಯೂಟರ್ ಲೆಕ್ಕ ಮಾತ್ರ ಮಾಡಬಲ್ಲದು, ಪ್ರೋಗ್ರಾಂ ಬರೆಯಲಾರದು ಎಂದು ಆಗ ಅನೇಕರು ನಂಬಿದ್ದರು. ಗ್ರೇಸ್ ವಾದ ಮಾಡುತ್ತಾ ಕೂರಲಿಲ್ಲ, ಮಾಡಿ ತೋರಿಸಿದರು. ಮುಂದೆ ಅವರ ತಂಡ ಸಂಕೇತಗಳ ಬದಲು ಇಂಗ್ಲಿಷ್ ಪದಗಳನ್ನೇ ಬಳಸುವ ಫ್ಲೋ-ಮ್ಯಾಟಿಕ್ ಎಂಬ ಭಾಷೆಯನ್ನು ರೂಪಿಸಿತು. ಅದರ ಆಧಾರದ ಮೇಲೆ 1959ರಲ್ಲಿ ತಜ್ಞರ ಸಮಿತಿಯೊಂದು ಕೋಬಾಲ್ ಭಾಷೆಯ ಕೆಲಸ ಆರಂಭಿಸಿತು. ಗ್ರೇಸ್ ಅದಕ್ಕೆ ಸಲಹೆಗಾರರಾಗಿದ್ದರು. 1960ರ ಡಿಸೆಂಬರ್‌ನಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಅನ್ನು ನಡೆಸಿ ತೋರಿಸಿದರು. ಬ್ಯಾಂಕು, ಕಚೇರಿಗಳ ಲೆಕ್ಕಪತ್ರಗಳಿಗೆ ಕೋಬಾಲ್ ಲೋಕದಲ್ಲೆಲ್ಲ ಹರಡಿತು.

ಕಂಪೈಲರೇ ತಪ್ಪಿದರೆ?

ಈಗ ಒಂದು ಕಷ್ಟದ ಪ್ರಶ್ನೆ. ಕಂಪೈಲರ್ ಕೂಡ ಮನುಷ್ಯರೇ ಬರೆದ ಪ್ರೋಗ್ರಾಂ ಅಲ್ಲವೆ? ಅದರಲ್ಲೇ ತಪ್ಪಿದ್ದರೆ? ಕಥೆ ಸರಿಯಾಗಿದ್ದರೂ ಅನುವಾದ ಕೆಟ್ಟರೆ ಓದುವವರಿಗೆ ಸಿಗುವುದು ತಪ್ಪು ಕಥೆಯೇ. ಹಾಗೆಯೇ ನೀವು ಬರೆದ ಪ್ರೋಗ್ರಾಂ ಸರಿಯಿದ್ದರೂ ಕಂಪ್ಯೂಟರ್ ತಪ್ಪು ಉತ್ತರ ಕೊಡುತ್ತದೆ. ನೀವು ಬರೆದ ಸಾಲುಗಳನ್ನು ನೂರು ಸಲ ಓದಿದರೂ ತಪ್ಪು ಸಿಗದು, ಏಕೆಂದರೆ ಅದು ಅಲ್ಲಿಲ್ಲ!

ಗ್ರೇಸ್ ಈ ತೊಂದರೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. 1966ರ ಕೊನೆಗೆ 60 ವರ್ಷವಾದಾಗ ಅವರು ನೌಕಾಪಡೆಯಿಂದ ನಿವೃತ್ತರಾದರು. ಆದರೆ 1967ರಲ್ಲೇ ಅವರಿಗೆ ಮತ್ತೆ ಕರೆ ಬಂತು. ನೌಕಾಪಡೆಯಲ್ಲಿ ಹಲವು ಕಂಪನಿಗಳ ಕಂಪ್ಯೂಟರ್‌ಗಳಿದ್ದವು, ಪ್ರತಿಯೊಂದಕ್ಕೂ ಅದರದೇ ಕೋಬಾಲ್ ಕಂಪೈಲರ್ ಇತ್ತು. ಒಂದು ಯಂತ್ರದಲ್ಲಿ ಸರಿಯಾಗಿ ನಡೆದ ಪ್ರೋಗ್ರಾಂ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಇದನ್ನು ಸರಿಪಡಿಸಲು ಆರು ತಿಂಗಳ ಮಟ್ಟಿಗೆ ಅವರನ್ನು ಕರೆದರು. ಆ ಆರು ತಿಂಗಳು 19 ವರ್ಷವಾಯಿತು!

ಗ್ರೇಸ್ ಮತ್ತು ಅವರ ತಂಡ ಕಂಪೈಲರುಗಳಿಗೇ ಪರೀಕ್ಷೆ ಇಟ್ಟಿತು. ಸರಿಯುತ್ತರ ಮೊದಲೇ ಗೊತ್ತಿರುವ ಚಿಕ್ಕ ಚಿಕ್ಕ ಪ್ರೋಗ್ರಾಂಗಳನ್ನು ಬರೆದರು. ಕಂಪೈಲರ್ ಅವುಗಳನ್ನು ಬದಲಾಯಿಸಿದ ಮೇಲೆ ಬರುವ ಉತ್ತರವನ್ನು ಸರಿಯುತ್ತರದೊಂದಿಗೆ ಹೋಲಿಸಿದರು. ಉತ್ತರ ಬೇರೆಯಾದರೆ ಆ ಕಂಪೈಲರ್ ಅನುತ್ತೀರ್ಣ! ನಿಮಗೆ ಪರೀಕ್ಷೆ ಇದ್ದಂತೆ ಕಂಪೈಲರಿಗೂ ಪರೀಕ್ಷೆ.

ಅರ್ಧ ಮಾಡಿ ಹುಡುಕಿ

ತಪ್ಪಿದೆ ಎಂದು ಪರೀಕ್ಷೆ ತಿಳಿಸುತ್ತದೆ. ಆದರೆ ದೊಡ್ಡ ಪ್ರೋಗ್ರಾಂನಲ್ಲಿ ಆ ತಪ್ಪು ಎಲ್ಲಿದೆ? ಇದಕ್ಕೆ ಗ್ರೇಸ್ ನಂತರದ ಪೀಳಿಗೆಯ ಎಂಜಿನಿಯರುಗಳು ಒಂದು ಸೊಗಸಾದ ಉಪಾಯವನ್ನು ಬಳಸುತ್ತಾರೆ. ಅದನ್ನು ತಿಳಿಯುವ ಮೊದಲು ಒಂದು ಆಟ ಆಡೋಣ.

ನಿಮ್ಮ ಗೆಳತಿ 1ರಿಂದ 100ರೊಳಗೆ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ. ಒಂದೇ, ಎರಡೇ, ಮೂರೇ ಎಂದು ಕೇಳುತ್ತಾ ಹೋದರೆ 99 ಪ್ರಶ್ನೆಗಳಾಗಬಹುದು. ಅದರ ಬದಲು 50ಕ್ಕಿಂತ ಹೆಚ್ಚೇ ಎಂದು ಕೇಳಿ. ಹೌದೆಂದರೂ ಇಲ್ಲವೆಂದರೂ ಅರ್ಧದಷ್ಟು ಸಂಖ್ಯೆಗಳು ಹೊರಹೋದವು. ಉಳಿದುದನ್ನು ಮತ್ತೆ ಅರ್ಧ ಮಾಡಿ ಕೇಳಿ. ಏಳು ಪ್ರಶ್ನೆಗಳೊಳಗೆ ಸಂಖ್ಯೆ ಸಿಕ್ಕೇ ಸಿಗುತ್ತದೆ. ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಹೀಗೆ ಅರ್ಧ ಅರ್ಧ ಮಾಡಿ ಹುಡುಕುವುದಕ್ಕೆ ಬೈನರಿ ಸರ್ಚ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಹೀಗೆ ಹುಡುಕಬಹುದೆಂದು 1946ರಲ್ಲೇ ಒಂದು ಉಪನ್ಯಾಸದಲ್ಲಿ ವಿವರಿಸಿದವರು ಯಾರು ಗೊತ್ತೆ? ಗ್ರೇಸ್ ಸೇರಿದ ಕಂಪನಿಯ ಅದೇ ಜಾನ್ ಮಾಕ್ಲಿ.

ಈಗ ಕಂಪೈಲರಿನ ತಪ್ಪಿಗೆ ಬರೋಣ. ಒಂದು ಪ್ರೋಗ್ರಾಂ 16 ಕಡತಗಳಲ್ಲಿದೆ ಎಂದುಕೊಳ್ಳಿ. ಕಂಪೈಲರ್ ಒಂದೊಂದು ಕಡತದಿಂದಲೂ ಯಂತ್ರಕ್ಕೆ ತಿಳಿಯುವ ಒಂದೊಂದು ತುಂಡನ್ನು ತಯಾರಿಸುತ್ತದೆ. 16 ತುಂಡುಗಳನ್ನೂ ಜೋಡಿಸಿದರೆ ಪೂರ್ತಿ ಪ್ರೋಗ್ರಾಂ ಸಿದ್ಧ. ಹಳೆಯ ಕಂಪೈಲರಿನ ತುಂಡುಗಳನ್ನು ಜೋಡಿಸಿದರೆ ಉತ್ತರ ಸರಿ ಬರುತ್ತದೆ. ಹೊಸ ಕಂಪೈಲರಿನವನ್ನು ಜೋಡಿಸಿದರೆ ತಪ್ಪು ಬರುತ್ತದೆ. ಹೊಸ 16 ತುಂಡುಗಳಲ್ಲಿ ಕೆಟ್ಟದ್ದು ಯಾವುದು? ಹುಡುಕೋಣ ಬನ್ನಿ.

ಮೊದಲ ಪರೀಕ್ಷೆ: 1ರಿಂದ 8ರವರೆಗೆ ಹೊಸ ತುಂಡುಗಳು, ಉಳಿದವು ಹಳೆಯವು. ಉತ್ತರ ತಪ್ಪು ಬಂತು. ಹಾಗಾದರೆ ಕೆಟ್ಟದ್ದು 1ರಿಂದ 8ರೊಳಗಿದೆ.

ಎರಡನೆಯ ಪರೀಕ್ಷೆ: 1ರಿಂದ 4 ಮಾತ್ರ ಹೊಸವು. ಉತ್ತರ ಸರಿ ಬಂತು. ಹಾಗಾದರೆ ಕೆಟ್ಟದ್ದು 5ರಿಂದ 8ರೊಳಗಿದೆ.

ಮೂರನೆಯ ಪರೀಕ್ಷೆ: 5 ಮತ್ತು 6 ಮಾತ್ರ ಹೊಸವು. ಉತ್ತರ ತಪ್ಪು. ಹಾಗಾದರೆ ಇವೆರಡರಲ್ಲಿ ಒಂದು.

ನಾಲ್ಕನೆಯ ಪರೀಕ್ಷೆ: 5 ಮಾತ್ರ ಹೊಸದು. ಉತ್ತರ ಸರಿ. ಕಳ್ಳ ಸಿಕ್ಕಿಬಿದ್ದ! ಅದು 6ನೆಯ ತುಂಡು.

16 ತುಂಡುಗಳಿಗೆ ನಾಲ್ಕೇ ಪರೀಕ್ಷೆ ಸಾಕಾಯಿತು. 1,024 ತುಂಡುಗಳಿದ್ದರೆ 10 ಪರೀಕ್ಷೆ ಸಾಕು. ಹತ್ತು ಲಕ್ಷವಿದ್ದರೂ 20 ಪರೀಕ್ಷೆಗಳಲ್ಲಿ ಮುಗಿಯುತ್ತದೆ. 2ನ್ನು 2ರಿಂದ ಪದೇಪದೇ ಗುಣಿಸುತ್ತಾ ಹೋಗಿ, ಇದರ ಗುಟ್ಟು ತಿಳಿಯುತ್ತದೆ.

ಆದರೆ ಈ ಉಪಾಯಕ್ಕೆ ಕೆಲವು ನಿಯಮಗಳಿವೆ. ಮೊದಲು ಎರಡು ತುದಿಗಳನ್ನೂ ಖಚಿತಪಡಿಸಿಕೊಳ್ಳಬೇಕು. ಎಲ್ಲ ಹಳೆಯ ತುಂಡುಗಳಿದ್ದಾಗ ಉತ್ತರ ಸರಿ, ಎಲ್ಲ ಹೊಸವಿದ್ದಾಗ ತಪ್ಪು ಎಂದು ಕಣ್ಣಾರೆ ನೋಡಬೇಕು. ಎರಡನೆಯದಾಗಿ, ಅದೇ ಪರೀಕ್ಷೆಯನ್ನು ಮತ್ತೆ ಮಾಡಿದರೆ ಅದೇ ಫಲಿತಾಂಶ ಬರಬೇಕು. ಒಮ್ಮೆ ಸರಿ, ಒಮ್ಮೆ ತಪ್ಪು ಬರುತ್ತಿದ್ದರೆ ನಾವು ತಪ್ಪು ಅರ್ಧದೊಳಗೆ ಹುಡುಕುತ್ತಾ ಹೋಗುತ್ತೇವೆ. ಮೂರನೆಯದಾಗಿ, ತಪ್ಪು ಒಂದೇ ತುಂಡಿನಲ್ಲಿರಬೇಕು. ಎರಡು ತುಂಡುಗಳು ಒಟ್ಟಿಗೆ ಸೇರಿದಾಗ ಮಾತ್ರ ಕೆಡುವಂತಿದ್ದರೆ ಈ ಸರಳ ವಿಧಾನ ಸಾಲದು.

ತುಂಡು ಸಿಕ್ಕಿತೆಂದು ತೀರ್ಪು ಕೊಡಲು ಅವಸರಪಡಬಾರದು. ಅದನ್ನು ಬಿಡಿಸಿ ನೋಡಿದಾಗ ಕೆಲವೊಮ್ಮೆ ಕಂಪೈಲರ್ ನಿರಪರಾಧಿಯಾಗಿರುತ್ತದೆ! ಪ್ರೋಗ್ರಾಂ ಬರೆದವರದೇ ತಪ್ಪಾಗಿದ್ದು, ಹಳೆಯ ಕಂಪೈಲರಿನಲ್ಲಿ ಅದು ಹೇಗೋ ಹೊರಗೆ ಕಾಣದೆ ಇದ್ದಿರುತ್ತದೆ. ಅರ್ಧ ಮಾಡಿ ಹುಡುಕುವುದು ಎಲ್ಲಿ ನೋಡಬೇಕು ಎಂದು ಮಾತ್ರ ಹೇಳುತ್ತದೆ. ಏಕೆ ಕೆಟ್ಟಿತು ಎಂಬುದನ್ನು ನಾವೇ ಯೋಚಿಸಿ ತಿಳಿಯಬೇಕು.

ತಂತಿ ಹಿಡಿದ ಟೀಚರ್

ನೌಕಾಪಡೆಯ ಅಧಿಕಾರಿಯಾದರೂ ಗ್ರೇಸ್ ಒಳಗಿನ ಅಧ್ಯಾಪಕಿ ಹಾಗೆಯೇ ಉಳಿದಿದ್ದರು. ಭಾಷಣಕ್ಕೆ ಹೋದಲ್ಲೆಲ್ಲ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಅದು ಏನು ಗೊತ್ತೆ? ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ, ಬೆಳಕು ಸಾಗುವ ದೂರ! ಕಣ್ಣಿಗೆ ಕಾಣದ ಕಾಲವನ್ನು ಕೈಗೇ ಕೊಡುತ್ತಿದ್ದರು. ಜೊತೆಗೆ ಸುಮಾರು 300 ಮೀಟರ್ ಉದ್ದದ ತಂತಿಯ ದೊಡ್ಡ ಸುರುಳಿಯನ್ನೂ ತೋರಿಸುತ್ತಿದ್ದರು. ಅದು ಮೈಕ್ರೊಸೆಕೆಂಡ್. ಪ್ರೋಗ್ರಾಂ ಬರೆಯುವವರು ಒಂದು ಮೈಕ್ರೊಸೆಕೆಂಡ್ ವ್ಯರ್ಥ ಮಾಡಿದರೆ ಎಷ್ಟು ತಂತಿ ಎಸೆದಂತೆ ಎಂಬುದು ಎಲ್ಲರಿಗೂ ಅರ್ಥವಾಗುತ್ತಿತ್ತು.

ಹಿಂದಿನಿಂದ ಹೀಗೆಯೇ ಮಾಡಿಕೊಂಡು ಬಂದಿದ್ದೇವೆ ಎಂಬ ಉತ್ತರ ಅವರಿಗೆ ಹಿಡಿಸುತ್ತಿರಲಿಲ್ಲ. ಇದನ್ನು ನೆನಪಿಸಲು ಅವರ ಕಚೇರಿಯಲ್ಲಿ ಹಿಮ್ಮುಖವಾಗಿ ತಿರುಗುವ ಗಡಿಯಾರವಿತ್ತು. ಅದು ಹಿಂದಕ್ಕೆ ತಿರುಗಿದರೂ ಸಮಯವನ್ನು ಸರಿಯಾಗಿಯೇ ತೋರಿಸುತ್ತಿತ್ತು.

1986ರ ಆಗಸ್ಟ್‌ನಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಲ್ಲಿದ್ದಾಗ ಗ್ರೇಸ್ ನೌಕಾಪಡೆಯಿಂದ ನಿವೃತ್ತರಾದರು. ಆದರೂ ಮನೆಯಲ್ಲಿ ಕೂರದೆ ಕಂಪ್ಯೂಟರ್ ಕಂಪನಿಯೊಂದಕ್ಕೆ ಸಲಹೆಗಾರರಾದರು. 1991ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ದೊರೆಯಿತು. 1992ರ ಜನವರಿ 1ರಂದು, 85ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ನೆನಪಿಗೆ ಅಮೆರಿಕದ ಒಂದು ಯುದ್ಧನೌಕೆಗೆ ಹಾಪರ್ ಎಂದು ಹೆಸರಿಡಲಾಗಿದೆ. 2016ರಲ್ಲಿ ಆ ದೇಶದ ಅಧ್ಯಕ್ಷರು ನೀಡುವ ಸ್ವಾತಂತ್ರ್ಯ ಪದಕವೂ ಅವರಿಗೆ ಮರಣೋತ್ತರವಾಗಿ ಸಂದಿತು.

ಮಕ್ಕಳೇ, ನಿಮ್ಮ ಲೆಕ್ಕ ತಪ್ಪಾದಾಗ ಇನ್ನು ಮುಂದೆ ಬೇಸರ ಬೇಡ. ಅಳಿಸುವ ರಬ್ಬರಿಗೆ ತಕ್ಷಣ ಕೈಹಾಕುವುದೂ ಬೇಡ. ಎಲ್ಲಿಯವರೆಗೆ ಸರಿಯಿದೆ, ಎಲ್ಲಿಂದ ಕೆಟ್ಟಿದೆ ಎಂದು ನೋಡಿ. ಸಿಕ್ಕಿದ ತಪ್ಪನ್ನು ಪುಸ್ತಕದ ಅಂಚಿನಲ್ಲಿ ಬರೆದಿಡಿ. ಮುಂದಿನ ಸಲ ಅದು ನಿಮ್ಮನ್ನು ಕಾಯುತ್ತದೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಹಾಳೆ, ಪೆನ್ಸಿಲ್, ಒಬ್ಬ ಜೊತೆಗಾರ.

ವಿಧಾನ: ಜೊತೆಗಾರ 7ರಿಂದ ಆರಂಭಿಸಿ ಪ್ರತಿ ಸಾಲಿನಲ್ಲೂ 7 ಕೂಡಿಸುತ್ತಾ 16 ಸಾಲು ಬರೆಯಲಿ. ಯಾವುದೋ ಒಂದು ಸಾಲಿನಲ್ಲಿ ಬೇಕೆಂದೇ ತಪ್ಪು ಮಾಡಿ, ಆ ತಪ್ಪು ಸಂಖ್ಯೆಗೇ 7 ಕೂಡಿಸುತ್ತಾ ಮುಂದುವರಿಯಲಿ. ಕೊನೆಯ ಸಾಲಿನಲ್ಲಿ 112ರ ಬದಲು ಬೇರೆ ಸಂಖ್ಯೆ ಇರುತ್ತದೆ. ಹಾಳೆಯನ್ನು ಮುಚ್ಚಿ, ನೀವು ಕೇಳಿದ ಸಾಲನ್ನು ಮಾತ್ರ ಅವನು ತೋರಿಸಲಿ. ಮೊದಲು 8ನೆಯ ಸಾಲು ಕೇಳಿ. ಅಲ್ಲಿ 56 ಇದ್ದರೆ ತಪ್ಪು ಅದರ ನಂತರ ಆಗಿದೆ. ಇಲ್ಲದಿದ್ದರೆ 8ನೆಯ ಸಾಲಿನಲ್ಲಿ ಅಥವಾ ಅದಕ್ಕೂ ಮೊದಲು ಆಗಿದೆ. ಹೀಗೆ ಅರ್ಧ ಮಾಡುತ್ತಾ ನಾಲ್ಕೇ ಸಾಲು ನೋಡಿ ತಪ್ಪು ಎಲ್ಲಿ ಆರಂಭವಾಯಿತು ಎಂದು ಹೇಳಿ.

ಯೋಚಿಸಿ: ಜೊತೆಗಾರ ಒಂದು ಕಡೆ 1 ಹೆಚ್ಚು, ಇನ್ನೊಂದು ಕಡೆ 1 ಕಡಿಮೆ ಬರೆದರೆ ಕೊನೆಯ ಸಾಲಿನಲ್ಲಿ ಎಷ್ಟಿರುತ್ತದೆ? ಕೊನೆಯ ಉತ್ತರವನ್ನು ಮಾತ್ರ ನೋಡಿ ಲೆಕ್ಕ ಸರಿಯಾಗಿದೆ ಎನ್ನಬಹುದೆ? ತರಗತಿಯಲ್ಲಿ ಚರ್ಚಿಸಿ.